ಘೋರಗಾನದಲ್ಲಿ ರಸವುಂಟೆ?

ಕಿವಿಗೆ ಕಠೋರವೂ ಮನಸ್ಸಿಗೆ ಭೀಕರವೂ ಅರ್ಥಕ್ಕೆ ಅಗಮ್ಯವೂ ಆದ ಗಾನವನ್ನು ಒಬ್ಬನು ಬಯಸಿ ಕೇಳುವದು ದೋಷವೋ, ಅಲ್ಲವೋ? ಈ ಪ್ರಶ್ನೆಯನ್ನು ನಾನು ಯಾವ ಗ್ರಂಥದಿಂದಲೂ ಎತ್ತಿಕೊಂಡಿಲ್ಲ. ಇದು ಚಂದ್ರಬಂಡದ ನಮ್ಮ ಮನೆಯ ಪಡಸಾಲೆಯಲ್ಲಿಯೇ ಹುಟ್ಟಿತು.

ಎರಡು ವರ್ಷದ ಹಿಂದೆ ಮಾಘಮಾಸದಲ್ಲಿ ನನ್ನ ಮಗನು ತೀರಿಕೊಂಡನು. ಬೆಂಗಳೂರಿನಲ್ಲಿ ಓದುತ್ತಿದ್ದ ಮೊಮ್ಮಗನು ಬಂದು ಕರ್ಮಾಂಗಗಳನ್ನೆಲ್ಲ ತಪ್ಪದೆ ನಡೆಸಿದನು. ಆದರೆ ರಾತ್ರಿಯಾದೊಡನೆ ಕಿವಿಗೆ ಯಂತ್ರವನ್ನು ಸಿಕ್ಕಿಸಿಕೊಂಡು ಗೋಡೆಯ ಕಡೆಗೆ ಮುಖ ಮಾಡಿ ಮಲಗುವನು. ಒಂದು ದಿನ ಆ ಯಂತ್ರವು ಜಾರಿ, ಒಳಗಿನ ಧ್ವನಿಯು ಹೊರಗೆ ಬಂದಿತು. ಪಾಳುಬಾವಿಯ ತಳದಿಂದ ಯಾರೋ ಕೂಗಿಕೊಂಡಂತಿತ್ತು. ಮನೆಯಲ್ಲಿ ಗರುಡಪುರಾಣದ ಶ್ರವಣ ನಡೆದಿದ್ದ ದಿನಗಳವು. ನಾನು ಸಿಟ್ಟಿನಿಂದ, “ಸೂತಕದ ಮನ್ಯಾಗ ಇದೇನೋ ಭೂತದ ಕೂಗು!” ಎಂದು ಅದನ್ನು ಕಿತ್ತುಕೊಂಡೆನು. ಅವನು ಪ್ರತ್ಯುತ್ತರವನ್ನು ಕೊಡಲಿಲ್ಲ. ಆಮೇಲೆ ನಾಲ್ಕು ತಿಂಗಳು ನನ್ನೊಡನೆ ಅವಶ್ಯಕ್ಕಿಂತ ಹೆಚ್ಚು ಮಾತನ್ನೇ ಆಡಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು, ವಿಚಾರಿಸದೆ ದಂಡಿಸಿದೆನೆಂಬ ಕೊರಗು ನನಗೆ ಉಳಿಯಿತು. ಕಡೆಗೆ ನಾನೇ ಕೇಳಿದೆನು.

ಅವನು ಹೇಳಿದ್ದಿಷ್ಟು. ಅದು ಪೋಲೆಂಡ್ ದೇಶದ ಗಾನ. ಸೈಲೀಸಿಯಾ ಪ್ರಾಂತದ ಕಾತೊವಿತ್ಸೆ ನಗರದ ‘ಫುರಿಯಾ’ ಎಂಬ ಮೇಳದವರು 2016ರಲ್ಲಿ ಹೊರತಂದ ಗೀತಸಂಪುಟ. ಈ ಜಾತಿಯ ಗಾನಕ್ಕೆ ‘ಬ್ಲ್ಯಾಕ್ ಮೆಟಲ್’ ಎಂದು ಹೆಸರು. ಹೆಸರು ಬಂದದ್ದು ವೆನಮ್ ಎಂಬ ಇಂಗ್ಲಿಷ್ ಮೇಳದ 1982ರ ಸಂಪುಟದಿಂದ. ರೂಪ ಬಂದದ್ದು 1990ರ ನಂತರ ನಾರ್ವೆಯ ತರುಣರಿಂದ. ಶವದಂತೆ ಮುಖಕ್ಕೆ ಬಿಳಿದು ಕರಿದು ಬಣ್ಣ ಬಳಿದುಕೊಳ್ಳುವದು, ಗಿಟಾರಿನ ತಂತಿಯನ್ನು ಜೇನ್ನೊಣಗಳ ಹಿಂಡಿನಂತೆ ಎಡೆಬಿಡದೆ ಮೊರೆಯಿಸುವದು, ಗಂಟಲು ಹರಿಯುವಂತೆ ಚೀರುವದು ಇವು ಅದರ ಲಕ್ಷಣಗಳು. ನಮ್ಮ ನಾಡಿಗೂ ಈ ಬಳಗದ ಸಂಗೀತವು ಅಪರಿಚಿತವಲ್ಲವಂತೆ. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಎಂಬವರು ಹಾಡಿದರು. 2012ರಲ್ಲಿ ಬೆಂಗಳೂರು ಓಪನ್ ಏರ್ ಎಂಬ ಉತ್ಸವವೂ ಆರಂಭವಾಯಿತು. ಮುದುಕರಿಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ!

ಫುರಿಯಾದವರು ಈ ಲಕ್ಷಣಗಳನ್ನು ಪೂರ್ತಿಯಾಗಿ ಪಾಲಿಸುವವರಲ್ಲ. ಈ ಸಂಪುಟದಲ್ಲಿ ಚೀರುವದು ಕಡಿಮೆ. ಕೆಲವೆಡೆ ಗಾಯಕನು ಸುಮ್ಮನೆ ಮಾತಾಡುವಂತೆ ಹಾಡುತ್ತಾನೆ. ತಂತಿಗಳ ನಡುವೆ ಬಯಲಿನಂಥ ಅವಕಾಶವಿದೆ. ಮಾತೆಲ್ಲವೂ ಪೋಲಿಷ್ ಭಾಷೆಯದು. ಅದೇ ವರ್ಷ ಇವರು ಜಾಬ್ಜೆ ಎಂಬ ಊರಿನ ‘ಗೀದೋ’ ಕಲ್ಲಿದ್ದಲ ಗಣಿಯಲ್ಲಿ, 320 ಮೀಟರು ಆಳದಲ್ಲಿ ಕುಳಿತು ಇನ್ನೊಂದು ಚಿಕ್ಕ ಸಂಪುಟವನ್ನು ಮುದ್ರಿಸಿದರು. ನಮ್ಮ ಜಿಲ್ಲೆಯ ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದವರನ್ನು ನಾನು ಬಲ್ಲೆನು. ಕತ್ತಲೆಯೇ ಕಸುಬಾದವರ ಊರಿನಿಂದ ಬಂದ ಹಾಡು ಬೆಳದಿಂಗಳಂತಿರಬೇಕೆಂದು ಅಪೇಕ್ಷಿಸುವದು ನ್ಯಾಯವಲ್ಲವೆಂದು ಆಗ ತೋರಿತು.

ಸಂಪುಟದ ಹೆಸರು ‘ಕ್ಶೆಂಝಿತ್ಸ್ ಮಿಲ್ಚಿ ಲುತಿ’. ಮೊದಲನೆಯ ಪದಕ್ಕೆ ಚಂದ್ರನೆಂದರ್ಥ. ಎರಡನೆಯದಕ್ಕೆ ಮೌನವಾಗಿದ್ದಾನೆ ಎಂದು. ಮೂರನೆಯದು ಫೆಬ್ರುವರಿ ತಿಂಗಳು. ಪಾಠಶಾಲೆಯ ಚಟವು ಸುಲಭವಾಗಿ ಬಿಡುವದಿಲ್ಲ; ನಾನು ಪದಗಳ ಬೆನ್ನು ಹತ್ತಿದೆನು. ‘ಲುತಿ’ ಎಂಬ ಪದಕ್ಕೆ ಕ್ರೂರ, ಕಠಿಣ ಎಂಬ ಹಳೆಯ ಅರ್ಥವೂ ಉಂಟು. ಹಿಮದ ಕ್ರೌರ್ಯದಿಂದಲೇ ಆ ತಿಂಗಳಿಗೆ ಆ ಹೆಸರು ಬಂದಿತು. ಆದಕಾರಣ ‘ಕ್ರೂರನಾದ ಚಂದ್ರನು ಮೌನವಾಗಿದ್ದಾನೆ’ ಎಂದೂ ಅರ್ಥ ಹೊರಡುವದು. ಇದು ಶ್ಲೇಷವಲ್ಲದೆ ಮತ್ತೇನು? ಚಂದ್ರವಾಚಕವಾದ ಆ ಪದದ ಮೂಲಾರ್ಥವು ‘ಕಿರಿಯ ರಾಜ’ ಎಂದಾಗಿದೆ. ಅಮರಕೋಶದಲ್ಲಿ ರಾಜಶಬ್ದಕ್ಕೆ ಚಂದ್ರನೆಂಬ ಅರ್ಥವನ್ನು ಓದಿದವನಿಗೆ ಇದನ್ನು ಕಂಡು ಆದ ಸಂತೋಷವನ್ನು ವಾಚಕರು ಕ್ಷಮಿಸಬೇಕು. ಊರ ಹೆಸರಿನಲ್ಲಿಯೇ ಚಂದ್ರನನ್ನಿಟ್ಟುಕೊಂಡವರು ನಾವು. ನನ್ನ ಮಗನು ಹೋದದ್ದೂ ಫೆಬ್ರುವರಿಯಲ್ಲಿಯೇ. ಹುಡುಗನು ಈ ಸಂಪುಟವನ್ನೇ ಏಕೆ ಹಿಡಿದನೆಂಬದನ್ನು ಇನ್ನು ಕೇಳಬೇಕಾಗಿರಲಿಲ್ಲ.

ಆದರೂ ಶಾಸ್ತ್ರದ ಆಕ್ಷೇಪಗಳು ಉಳಿಯುತ್ತವೆ. ತಿಳಿಯದ ಭಾಷೆಯ ಹಾಡಿನಿಂದ ಏನು ಪ್ರಯೋಜನ? ತರ್ಕಸಂಗ್ರಹಕಾರನು ಶಬ್ದವನ್ನು ಎರಡಾಗಿ ವಿಂಗಡಿಸುವನು: ಭೇರಿಯ ಶಬ್ದದಂತೆ ಧ್ವನಿರೂಪವಾದದ್ದು, ಸಂಸ್ಕೃತಭಾಷೆಯಂತೆ ವರ್ಣರೂಪವಾದದ್ದು. ಪೋಲಿಷ್ ಗಾನವು ಹಾಡುವವನಿಗೆ ಎರಡನೆಯದು, ನಮಗೆ ಮೊದಲನೆಯದು. ಇಷ್ಟರಿಂದ ಅದು ವ್ಯರ್ಥವಾಯಿತೆ? ಆನಂದವರ್ಧನನು ಧ್ವನ್ಯಾಲೋಕದಲ್ಲಿ, ಅಭಿಧೇಯಾರ್ಥವೇ ಇಲ್ಲದ ಗೀತಧ್ವನಿಗಳೂ ರಸವನ್ನು ವ್ಯಂಜಿಸಬಲ್ಲವೆಂದು ಒಪ್ಪಿಕೊಂಡಿದ್ದಾನೆ. ಅವನ ಅನುಮತಿ ಸಿಕ್ಕಮೇಲೆ ನನ್ನ ಆಕ್ಷೇಪಕ್ಕೆ ಬಲವಿಲ್ಲ. ಮೊಮ್ಮಗನ ಮಾತು ಇನ್ನೂ ನೇರವಾಗಿತ್ತು: “ಅವ ಏನಂತಾನ ಅಂಬೋದು ನನಗೂ ಪೂರಾ ತಿಳಿಯಂಗಿಲ್ಲ ತಾತ. ಖರೇ ಅಂದ್ರ, ತಿಳಿಯಂಗಿಲ್ಲಂತಲೇ ಕೇಳ್ತೀನಿ. ಅಪ್ಪ ಹೋದಾಗಿಂದ ತಿಳಿಯೋ ಮಾತು ಭಾಳ ಮಂದಿ ಹೇಳ್ಯಾರ.” ಆ ಭಾಳ ಮಂದಿಯಲ್ಲಿ ಮೊದಲಿಗನು ನಾನು.

ಘೋರವಾದದ್ದು ಅಮಂಗಲವೆಂಬ ಆಕ್ಷೇಪಕ್ಕೆ ಬರೋಣ. ಭರತಮುನಿಯು ಭಯಾನಕರಸಕ್ಕೆ ಕಪ್ಪು ಬಣ್ಣವನ್ನೂ ಕಾಲನೆಂಬ ದೇವತೆಯನ್ನೂ, ಬೀಭತ್ಸಕ್ಕೆ ನೀಲವರ್ಣವನ್ನೂ ಮಹಾಕಾಲನನ್ನೂ ಹೇಳಿದ್ದಾನೆ. ಎಂದಮೇಲೆ ಇವುಗಳನ್ನು ಅಂಗಳದ ಹೊರಗೆ ನಿಲ್ಲಿಸದೆ, ದೇವತೆಗಳನ್ನು ಕೊಟ್ಟು ಒಳಗೆ ಕರೆದುಕೊಂಡನಷ್ಟೆ! ಭವಭೂತಿಯ ಮಾಲತೀಮಾಧವದ ಐದನೆಯ ಅಂಕವು ಶ್ಮಶಾನದಲ್ಲಿ ನಡೆಯುವದು. ಪಿಶಾಚಗಳಿಗೆ ನರಮಾಂಸವನ್ನು ಮಾರಲು ನಾಯಕನೇ ಹೊರಡುತ್ತಾನೆ. ಪಾಠಶಾಲೆಯಲ್ಲಿ ಅದನ್ನು ಓದಿದ ನಾವಾರೂ ಎದ್ದು ಸ್ನಾನ ಮಾಡಲಿಲ್ಲ. ನೇರವಾಗಿ ಊಟಕ್ಕೆ ಹೋದೆವು. ನಮ್ಮ ಜಿಲ್ಲೆಯ ಮುದಗಲ್ಲಿನ ಮೊಹರಮ್ಮಿಗೆ ಜಾತಿಮತಗಳ ಭೇದವಿಲ್ಲದೆ ಜನ ಸೇರುತ್ತಾರೆ. 680ರಲ್ಲಿ ಕರ್ಬಲೆಯಲ್ಲಿ ಮಡಿದವರಿಗಾಗಿ ಇಂದಿಗೂ ಹಲಗೆ ಬಾರಿಸಿ ಶೋಕಗೀತೆ ಹಾಡುವಾಗ, ಇದು ಮಂಗಲವೋ ಅಮಂಗಲವೋ ಎಂದು ಯಾರೂ ಪಂಚಾಂಗ ನೋಡುವದಿಲ್ಲ.

ಕಠಿಣವಾದ ಆಕ್ಷೇಪವು ಇನ್ನೊಂದುಂಟು. ಅದನ್ನು ಮೊಮ್ಮಗನೆದುರು ಮುಚ್ಚಿಡಲಿಲ್ಲ. ಬೆರ್ಗೆನ್ ಸಮೀಪದ ಫಾಂಟೋಫ್ಟ್ ಎಂಬ ಹಳೆಯ ಮರದ ಇಗರ್ಜಿಯು 1992ರ ಜೂನ್ 6ರಂದು ಬೆಂಕಿಗೆ ಆಹುತಿಯಾಯಿತು. ಈ ಗಾನದ ನಾರ್ವೆಯ ಮಂಡಲಿಯಲ್ಲಿ ಒಬ್ಬನು ತನ್ನ ಜೊತೆಗಾರನನ್ನು ಕೊಂದುದಕ್ಕೂ ಬೇರೆ ಇಗರ್ಜಿಗಳನ್ನು ಸುಟ್ಟುದಕ್ಕೂ 1994ರಲ್ಲಿ ಶಿಕ್ಷಿತನಾದನು. ಪೋಲೆಂಡಿನಲ್ಲಿಯೇ ಬೆಹೆಮೊತ್ ಎಂಬ ಮೇಳದ ನಾಯಕನು 2007ರಲ್ಲಿ ಗ್ದಿನಿಯಾ ನಗರದ ರಂಗದ ಮೇಲೆ ಬೈಬಲನ್ನು ಹರಿದನು. ಆ ವ್ಯಾಜ್ಯವು ವರ್ಷಗಟ್ಟಲೆ ನಡೆಯಿತು. ಇಂಥ ವಂಶದ ಗಾನವನ್ನು ಕೇಳಬಹುದೆ?

ಇಲ್ಲಿ ಸಾಧಾರಣೀಕರಣದ ತತ್ತ್ವವು ನನಗೆ ದೀಪವಾಯಿತು. ಈ ಕ್ರೋಧವು ನನ್ನದು, ಅವನು ನನ್ನ ಶತ್ರು ಎಂಬ ಸಂಬಂಧವು ಕಳಚಿದಲ್ಲಿ ಮಾತ್ರ ಕ್ರೋಧವು ರೌದ್ರರಸವಾಗುವದು. ನಿಶ್ಚಿತವಾದ ಒಂದು ಮಂದಿರಕ್ಕೆ ಕಿಚ್ಚಿಟ್ಟವನಲ್ಲಿ ರಸವಿಲ್ಲ. ಇರುವದು ಬರಿಯ ಕ್ರೋಧ, ಅಪರಾಧ. ಪರರ ಪವಿತ್ರಗ್ರಂಥವನ್ನು ಹರಿದದ್ದನ್ನು ಕಲೆಯೆಂದು ನಾನು ಒಪ್ಪಲಾರೆ, ನ್ಯಾಯಾಲಯವು ಏನೇ ಹೇಳಲಿ. ಆದರೆ ಆ ಸಂಪುಟದ ಹೆಸರಿನಲ್ಲಿ ಶತ್ರು ಯಾರು? ಚಂದ್ರನೆ? ಮಾಘದ ಚಳಿಯೆ? ಮೌನವೆ? ಹಗೆಯನ್ನು ಕಳೆದುಕೊಂಡ ಘೋರವೇ ಅಲ್ಲಿ ಉಳಿದಿದೆ. ಅವರ ದೇಶದ ಪಂಡಿತರಿಗೂ ಹೀಗೆಯೇ ತೋರಿರಬೇಕು. ವಿಸ್ಪ್ಯಾಂಸ್ಕಿಯ 1901ರ ‘ವೆಸೆಲೆ’, ಎಂದರೆ ‘ಮದುವೆ’, ಅಲ್ಲಿಯವರು ಶಾಲೆಯಲ್ಲಿ ಓದುವ ಮಾನ್ಯ ನಾಟಕ. ಹುಲ್ಲುಬೊಂಬೆಯೊಂದರ ವಾದ್ಯಕ್ಕೆ ಮದುವೆಯ ಜನರೆಲ್ಲ ಮಂಕು ಹಿಡಿದವರಂತೆ ಕುಣಿಯುವದರಲ್ಲಿ ಅದು ಮುಗಿಯುತ್ತದೆ. 2017ರಲ್ಲಿ ಕ್ರಾಕೋವಿನ ‘ಸ್ತಾರಿ ತೆಆತ್ರ್’ ರಂಗಮಂದಿರದಲ್ಲಿ ಯಾನ್ ಕ್ಲಾತಾ ಎಂಬವರು ಅದನ್ನಾಡಿಸಿದಾಗ, ರಂಗದ ಮೇಲೆ ನಿಂತು ವಾದ್ಯ ನುಡಿಸಿದವರು ಇದೇ ಫುರಿಯಾದವರು.

ಮಾನವಿಯ ಜಗನ್ನಾಥದಾಸರ ಸಂಗತಿಯು ಈ ಸೀಮೆಯ ಮಕ್ಕಳಿಗೂ ಗೊತ್ತು. ಸಂಸ್ಕೃತಪಂಡಿತರಾಗಿದ್ದ ಅವರು ಮೊದಲು ವಿಜಯದಾಸರ ಕನ್ನಡ ಹಾಡುಗಳನ್ನು ಹಗುರಾಗಿ ಕಂಡರು. ಆಮೇಲೆ ತಡೆಯಲಾರದ ಉದರಶೂಲೆ ಬಂದು, ಗೋಪಾಲದಾಸರ ಅನುಗ್ರಹದಿಂದ ಗುಣವಾಗಿ, ತಾವೇ ಕನ್ನಡದಲ್ಲಿ ಹರಿಕಥಾಮೃತಸಾರವನ್ನು ರಚಿಸಿದರೆಂಬುದು ಸಂಪ್ರದಾಯದ ಮಾತು. ಎಲ್ಲಿಯ ದಾಸರು, ಎಲ್ಲಿಯ ಈ ಚೀರಾಟ! ಹೋಲಿಕೆಯು ಹಾಡಿಗಲ್ಲ, ಹೀಯಾಳಿಸಿದ ಪಂಡಿತನಿಗೆ ಮಾತ್ರ. ನನಗೆ ಶೂಲೆ ಬರಲಿಲ್ಲ. ನಾಲ್ಕು ತಿಂಗಳ ಮೌನ ಬಂದಿತು.

ಹೋದ ಮಾಘದಲ್ಲಿ ವರ್ಷಾಬ್ದಿಕವನ್ನು ಮುಗಿಸಿ ರಾತ್ರಿ ಕಟ್ಟೆಯ ಮೇಲೆ ಕುಳಿತಿದ್ದಾಗ, ಯಂತ್ರದ ಒಂದು ತುದಿಯನ್ನು ನನ್ನ ಕಿವಿಗೆ ಕೊಡು ಎಂದೆನು. ಅವನು ಸಂಶಯದಿಂದಲೇ ಕೊಟ್ಟನು. ಚೀರುವ ಭಾಗವು ನನಗೆ ಇಂದಿಗೂ ಸೇರುವದಿಲ್ಲ. ಅದನ್ನು ಅವನಿಗೆ ಹೇಳಿದೆನು. ತಂತಿಗಳು ನಿಧಾನವಾಗಿ, ಒಂದೊಂದೇ ಬಿದ್ದ ಕಡೆಯಲ್ಲಿ ಮಾತ್ರ, ಇದನ್ನು ಇನ್ನೊಮ್ಮೆ ಹಚ್ಚು ಎಂದೆನು.