ಹೌದು ಎಂದವರು

ನಮ್ಮ ಕುಶಾಲನಗರವನ್ನು ಹಳಬರು ಫ್ರೇಸರ್‌ಪೇಟೆ ಎಂದೇ ಕರೆಯುತ್ತಿದ್ದರು. ನನ್ನ ಅತ್ತೆಯವರಂತೂ ಕೊನೆಯವರೆಗೂ ಆ ಹೆಸರನ್ನು ಬಿಡಲಿಲ್ಲ. ಫ್ರೇಸರ್ ಯಾರೆಂದು ಕೇಳಿದರೆ "ಯಾರೋ ಒಬ್ಬ ದೊರೆ" ಎಂದು ಕೈಯಾಡಿಸಿಬಿಡುವರು.

1834ರ ಏಪ್ರಿಲ್‌ನಲ್ಲಿ ಕಂಪನಿಯ ಸೈನ್ಯದೊಂದಿಗೆ ಮಡಿಕೇರಿಗೆ ಬಂದು ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿದ ಕರ್ನಲ್ ಫ್ರೇಸರ್ ಅವನು. ಮರುತಿಂಗಳು ಅವನು ಹೊರಡಿಸಿದ ಘೋಷಣೆಯಲ್ಲಿ, ಕೊಡಗಿನ ನಿವಾಸಿಗಳೆಲ್ಲರ ಒಮ್ಮತದ ಇಚ್ಛೆಯಂತೆ ಕಂಪನಿ ಈ ನಾಡನ್ನು ವಹಿಸಿಕೊಳ್ಳುತ್ತಿದೆ ಎಂದಿದೆ. ರಾಜನ ಕ್ರೌರ್ಯಕ್ಕೆ ಬೇಸತ್ತವರು ಇದ್ದರು ನಿಜ. ಆದರೆ ಎಲ್ಲರೂ ಎಂದರೆ ಯಾರು? ಕೇಳಿದ್ದು ದಿವಾನರನ್ನು, ಮುಖಂಡರನ್ನು. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವಳ ಬಳಿ ಯಾರು ಹೋಗಿದ್ದರು? ಮೂರೇ ವರ್ಷಕ್ಕೆ, 1837ರಲ್ಲಿ, ಸುಳ್ಯದ ಕಡೆಯಿಂದ ಬಂಡಾಯವೆದ್ದಿತು.

ನನ್ನನ್ನು ಕಾಡುವುದು ಬೇರೆ ಸಂಗತಿ. ಬಂದೂಕು ಕೈಯಲ್ಲಿದ್ದವನಿಗೆ ಜನರ ಒಪ್ಪಿಗೆಯ ಮಾತು ಏಕೆ ಬೇಕಾಯಿತು?

ದೊರೆತನ ದೇವರು ಕೊಟ್ಟದ್ದೆಂದು ನಮ್ಮಂತೆಯೇ ಅವರೂ ನಂಬಿದ್ದವರು. ಆ ನಂಬಿಕೆ ಇಂಗ್ಲೆಂಡಿನಲ್ಲಿ 17ನೆಯ ಶತಮಾನಕ್ಕೆ ಅಲುಗಿತು. 1649ರಲ್ಲಿ ರಾಜನ ತಲೆಯನ್ನೇ ತೆಗೆದರು. ಹಾಗಾದರೆ ಅಧಿಕಾರ ಎಲ್ಲಿಂದ ಬರುತ್ತದೆ? ಜನರ ಒಪ್ಪಿಗೆಯಿಂದ ಎಂದರು. ಆಮೇಲೆ ಒಪ್ಪಿಗೆ ಎಂದರೇನು ಎಂಬ ಜಗಳ ಶುರುವಾಯಿತು. ಭಯದಿಂದ ಕೊಟ್ಟ ಮಾತೂ ಮಾತೇ, ಅದಕ್ಕೆ ಕಟ್ಟುಬೀಳಬೇಕು ಎಂದ ಹಾಬ್ಸ್, 1651ರಲ್ಲಿ. 1689ರ ತನ್ನ ಪುಸ್ತಕದಲ್ಲಿ ಲಾಕ್ ಅದನ್ನು ಒಪ್ಪಲಿಲ್ಲ: ಕತ್ತಿ ಹಿಡಿದು ಕಿತ್ತ ಮಾತು ಯಾರನ್ನೂ ಕಟ್ಟಿಹಾಕದು. ಆದರೆ ಅವನೇ ಇನ್ನೊಂದು ಬಾಗಿಲು ತೆರೆದಿಟ್ಟ. ಬಾಯಿಬಿಟ್ಟು ಹೇಳದಿದ್ದರೂ, ಒಂದು ರಾಜ್ಯದ ಹೆದ್ದಾರಿಯಲ್ಲಿ ನಡೆದರೂ ಸಾಕು, ಅದರ ಕಾನೂನಿಗೆ ಒಪ್ಪಿದಂತೆ ಎಂದ. ಕೊಪ್ಪದ ಸೇತುವೆ ದಾಟಿ ದಿನಾ ಓಡಾಡುವ ನಾವೆಲ್ಲ ಎಷ್ಟು ಸಲ ಒಪ್ಪಿದೆವೋ! 1748ರಲ್ಲಿ ಹ್ಯೂಮ್ ಇದಕ್ಕೆ ಚೆನ್ನಾಗಿ ಉತ್ತರ ಕೊಟ್ಟ. ನಿದ್ದೆಯಲ್ಲಿದ್ದವನನ್ನು ಎತ್ತಿ ಹಡಗಿಗೆ ಹಾಕಿ, ಈಗ ಇಲ್ಲೇ ಇದ್ದಾನಲ್ಲ, ಕಪ್ತಾನನಿಗೆ ಒಪ್ಪಿದ್ದಾನೆ ಎನ್ನುವುದೇ? ಬಿಟ್ಟುಹೋಗಬೇಕೆಂದರೆ ಸಮುದ್ರಕ್ಕೆ ಹಾರಬೇಕಲ್ಲ!

ಇಷ್ಟೆಲ್ಲ ಬರೆದ ದೇಶದವರಿಗೆ ನಮ್ಮ ವಿಷಯದಲ್ಲಿ ಮರೆವು ಬಂದಿತ್ತು. ಸ್ವಾತಂತ್ರ್ಯದ ಬಗ್ಗೆ ದೊಡ್ಡ ಗ್ರಂಥ ಬರೆದ ಮಿಲ್ ಮೂವತ್ತೈದು ವರ್ಷ ಕಂಪನಿಯ ಲಂಡನ್ ಕಚೇರಿಯಲ್ಲೇ ನೌಕರಿ ಮಾಡಿದವನು. ಹಿಂದುಳಿದ ಜನಾಂಗಗಳಿಗೆ ಈ ತತ್ವ ಅನ್ವಯಿಸದೆಂದು ಆ ಗ್ರಂಥದಲ್ಲೇ ಸೇರಿಸಿದ. ಅದು ಬಂದದ್ದು 1859ರಲ್ಲಿ. ಕಂಪನಿಯಿಂದ ತನ್ನ ಹಣ ಕೇಳಲು ಲಂಡನ್ನಿಗೆ ಹೋಗಿದ್ದ ನಮ್ಮ ರಾಜ ಅಲ್ಲೇ ತೀರಿಕೊಂಡದ್ದೂ ಅದೇ ವರ್ಷ.

ಇದನ್ನೆಲ್ಲ ನಾನು ಓದಲು ಹಿಡಿದದ್ದು ಅಪ್ಪ ತೀರಿಹೋದ ಮೇಲೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲೆಂದು 2005ರಲ್ಲಿ ಕಾನೂನು ಬಂತಲ್ಲ, ಅಂದಿನಿಂದ ಹಕ್ಕು ಬಿಡುಗಡೆ ಪತ್ರಕ್ಕೂ ಬೆಲೆ ಬಂದಿದೆ. ಅಣ್ಣ ಒಂದು ದಿನ ಅದನ್ನು ತಂದ. ಗದರಲಿಲ್ಲ, ಬೆದರಿಸಲಿಲ್ಲ. "ನಿನಗೇನಮ್ಮ ಕಡಿಮೆ?" ಎಂದಷ್ಟೇ ಕೇಳಿದ. ಗೌರಿಹಬ್ಬಕ್ಕೆ ಬಾಗಿನ ಬರುವ ಮನೆ ಒಂದೇ. ಅದನ್ನು ಕಳೆದುಕೊಂಡು ಮೂರೆಕರೆ ಕಾಫಿ ತೋಟ ಇಟ್ಟುಕೊಂಡು ಏನು ಮಾಡಲಿ? ಸ್ವಇಚ್ಛೆಯಿಂದ ಸಹಿ ಹಾಕುತ್ತಿದ್ದೀರಾ ಎಂದು ನೋಂದಣಿ ಅಧಿಕಾರಿ ಕೇಳಿದರು. ಹೌದೆಂದೆ. ಪೂರ್ತಿ ಸುಳ್ಳಲ್ಲ. ಹಾಬ್ಸ್ ಇದ್ದಿದ್ದರೆ ಸಿಂಧು ಎನ್ನುತ್ತಿದ್ದ. ಲಾಕ್ ಕತ್ತಿಯನ್ನು ಹುಡುಕುತ್ತಿದ್ದ, ಸಿಗುತ್ತಿರಲಿಲ್ಲ. ನನಗೆ ನೆನಪಾಗುವುದು ಹ್ಯೂಮನ ಹಡಗು.

ಅಣ್ಣನ ಮೇಲೆ ಬಹಳ ದಿನ ಒಳಗೊಳಗೇ ಸಿಟ್ಟಿತ್ತು. ಆದರೆ ಒಂದು ಮಾತು ಹೇಳಿಬಿಡಬೇಕು. ನಾವು ಈಗ ವಾಸವಾಗಿರುವ ಮನೆಗೆ ನನ್ನ ನಾದಿನಿಯೂ ಅಂಥದೇ ಕಾಗದಕ್ಕೆ ಸಹಿ ಹಾಕಿದ್ದಾಳೆ. ಅಂದು ಬೆಳಿಗ್ಗೆ ಅವಳಿಗೆ ಉಪ್ಪಿಟ್ಟು, ಕಾಫಿ ಮಾಡಿಕೊಟ್ಟವಳು ನಾನು. ಕನ್ನಡಕ ಮರೆತು ಬಂದಿದ್ದಳು. ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದವಳೂ ನಾನೇ.