ಆನೆಗೆ ಅಪರಾಧವುಂಟೇ?

ಗೂಡಲೂರಿನಿಂದ ಮೈಸೂರು ರಸ್ತೆಯಲ್ಲಿ ಹದಿನೆಂಟು ಕಿಲೋಮೀಟರಿನಷ್ಟು ಸಾಗಿದರೆ ತೆಪ್ಪಕಾಡು ಸಿಗುತ್ತದೆ. ಮೋಯಾರು ಹೊಳೆಯ ದಡದಲ್ಲಿರುವ ಅಲ್ಲಿನ ಆನೆ ಶಿಬಿರವನ್ನು ನೋಡದ ಕುಟುಂಬ ನಮ್ಮ ಸಂಘದಲ್ಲಿ ಇರಲಾರದು. ಊರಿಂದ ನೆಂಟರು ಬಂದರೆ ಅವರನ್ನು ನಾವು ಕರೆದೊಯ್ಯುವ ಮೊದಲ ಸ್ಥಳವೇ ಅದು. 2008ರಲ್ಲಿ ಮುಖ್ಯೋಪಾಧ್ಯಾಯನ ಹುದ್ದೆಯಿಂದ ನಿವೃತ್ತನಾದ ಮೇಲೆ, ಆರೋಗ್ಯ ಅನುಕೂಲವಾಗಿದ್ದ ತಿಂಗಳುಗಳಲ್ಲಿ ಒಂದೆರಡು ಸಲವಾದರೂ ಮಧ್ಯಾಹ್ನದ ಬಸ್ಸು ಹಿಡಿದು ಅಲ್ಲಿಗೆ ಹೋಗುವುದನ್ನು ರೂಢಿಸಿಕೊಂಡೆ. ಸಂಜೆ ಆನೆಗಳಿಗೆ ಆಹಾರ ಕೊಡುವ ಹೊತ್ತಿಗೆ ಹೋಗಿ ನಿಂತು, ನೋಡಿ, ಪರಿಚಿತ ಮಾವುತರೊಡನೆ ನಾಲ್ಕು ಮಾತನಾಡಿ, ಕತ್ತಲಾಗುವ ಮುನ್ನ ಹಿಂದಿರುಗುವುದು. ಕಾಟ್ಟುನಾಯಕರ ಮಾತು ಕನ್ನಡಕ್ಕೆ ಹತ್ತಿರವಾದ್ದರಿಂದ ನಮ್ಮ ನಡುವೆ ದುಭಾಷಿಯ ಅಗತ್ಯ ಎಂದೂ ಬೀಳಲಿಲ್ಲ.

ಆ ಶಿಬಿರದ ಆನೆಗಳಿಗೂ ಐವತ್ತೆಂಟು ವರ್ಷಕ್ಕೆ ನಿವೃತ್ತಿ. ನಮ್ಮ ಕಾಲದ ತಮಿಳುನಾಡು ಶಾಲಾ ಶಿಕ್ಷಕರಿಗೂ ಅಷ್ಟೇ ವಯಸ್ಸಾಗಿತ್ತು. ಮೊದಲ ಸಲ ಇದನ್ನು ಕೇಳಿದಾಗ ನಕ್ಕಿದ್ದೆ. ಬಳಿಕ ಅನಿಸಿತು: ಇವುಗಳಿಗೂ ಸರ್ಕಾರದ ದಫ್ತರದಲ್ಲಿ ಹೆಸರಿದೆ, ವಯಸ್ಸಿದೆ, ದಿನದ ಪಡಿತರದ ಲೆಕ್ಕವಿದೆ. ರಾಗಿ, ಹುರುಳಿ, ಅಕ್ಕಿ, ಬೆಲ್ಲ, ಉಪ್ಪು ಸೇರಿಸಿ ಬೇಯಿಸಿದ ಮುದ್ದೆಯನ್ನು ಮಾವುತರು ಕೈಯಲ್ಲಿ ಹಿಡಿದು ಆನೆಯ ಬಾಯೊಳಗೆ ಇಡುತ್ತಾರೆ. ಯಾವ ಆನೆಗೆ ಏನು, ಎಷ್ಟು ಎಂಬುದನ್ನು ವೈದ್ಯರು ನಿಗದಿಪಡಿಸುತ್ತಾರೆ. ಹುಟ್ಟಿದಂದಿನಿಂದ ಒಂದು ದಿನವೂ ಯಾರ ಲೆಕ್ಕಕ್ಕೂ ಸಿಗದೆ ಕಾಡಿನಲ್ಲಿ ಅಲೆಯಬೇಕಾಗಿದ್ದ ಜೀವವೊಂದು ಹೀಗೆ ಲೆಕ್ಕದ ಪುಸ್ತಕದಲ್ಲಿ ಸೇರಿಕೊಳ್ಳುವುದು ಒಳ್ಳೆಯದೋ ಕೆಟ್ಟದ್ದೋ? ಈ ಬರಹಕ್ಕೆ ಮೂಲವಾದದ್ದು ಆ ಪ್ರಶ್ನೆ.

ನನ್ನ ಗಮನವನ್ನು ಬಹುವಾಗಿ ಸೆಳೆದದ್ದು ಮೂರ್ತಿ ಎಂಬ ಆನೆ. ಅದು ಕೊಂಬಿಲ್ಲದ ಗಂಡಾನೆ. ಇಂಥದ್ದನ್ನು ನಮ್ಮ ಕಡೆ ಮಕ್ನಾ ಎನ್ನುತ್ತಾರೆ. ಹಿರಿಯ ಸದಸ್ಯರಿಗೆ ಆ ದಿನಗಳು ನೆನಪಿರಬಹುದು. ಕೇರಳದಲ್ಲೂ ನಮ್ಮ ಗೂಡಲೂರಿನ ಸುತ್ತಲಲ್ಲೂ ಇಪ್ಪತ್ತಕ್ಕೂ ಹೆಚ್ಚು ಜನ ಆ ಆನೆಯಿಂದ ಸತ್ತಿದ್ದರು. ಸಂಜೆ ಆರಾದ ಮೇಲೆ ಎಸ್ಟೇಟ್ ಲೈನುಗಳ ಬಾಗಿಲು ತೆರೆಯುತ್ತಿರಲಿಲ್ಲ. ಕೇರಳದಲ್ಲಿ ಅದನ್ನು ಗುಂಡಿಕ್ಕಿ ಕೊಲ್ಲಲು ಅಪ್ಪಣೆಯಾಗಿತ್ತು. ಅಷ್ಟರಲ್ಲಿ ಅದು ಗಡಿ ದಾಟಿ ನಮ್ಮ ಕಡೆ ಬಂತು. ಇಲ್ಲಿನ ಅಧಿಕಾರಿಗಳು ಕೊಲ್ಲುವ ಬದಲು ಹಿಡಿಯಲು ನಿರ್ಧರಿಸಿದರು. 1998ರಲ್ಲಿ ಅರಿವಳಿಕೆ ಮದ್ದು ಹೊಡೆದು, ಪಳಗಿದ ಆನೆಗಳ ನೆರವಿನಿಂದ ಅದನ್ನು ಹಿಡಿದು ತೆಪ್ಪಕಾಡಿಗೆ ಸಾಗಿಸಿದರು. ಮೈಮೇಲೆ ಗಾಯಗಳಿದ್ದವು. ಅವಕ್ಕೆ ಶುಶ್ರೂಷೆ ಮಾಡಿದವರು ಪ್ರಸಿದ್ಧ ಆನೆ ವೈದ್ಯರಾದ ಡಾ. ವಿ. ಕೃಷ್ಣಮೂರ್ತಿಯವರು. ತಮಿಳಿನ ಲೇಖಕ ಜೆಯಮೋಹನ್ ಅವರ ‘ಯಾನೈ ಡಾಕ್ಟರ್’ ಕಥೆಗೆ ಪ್ರೇರಣೆಯಾದವರು ಇವರೇ. ಗುಣಮುಖವಾದ ಆನೆಗೆ ವೈದ್ಯರ ಹೆಸರನ್ನೇ ಇಟ್ಟರು. ಹೀಗೆ ಒಂದು ರಾಜ್ಯದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಪ್ರಾಣಿ ಇನ್ನೊಂದು ರಾಜ್ಯದಲ್ಲಿ ನಾಮಕರಣ ಪಡೆಯಿತು. ನಡುವೆ ಇದ್ದದ್ದು ಆನೆಯ ಕಣ್ಣಿಗೆ ಕಾಣದ ಒಂದು ಗಡಿಗೆರೆ.

ನಾನು ನೋಡತೊಡಗಿದ ಕಾಲಕ್ಕೆ ಮೂರ್ತಿ ಸಾಧುಪ್ರಾಣಿಯೆಂದು ಹೆಸರಾಗಿತ್ತು. ಮಾವುತರ ಮಕ್ಕಳು ಅದರ ಹತ್ತಿರ ಅಳುಕಿಲ್ಲದೆ ಸುಳಿದಾಡುತ್ತಿದ್ದುದನ್ನು ಕಂಡಿದ್ದೇನೆ. ಮುದ್ದೆಗಾಗಿ ಸರದಿ ಬರುವ ತನಕ ಅದು ಕಿವಿ ಬೀಸುತ್ತ, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತ ನಿಂತಿರುತ್ತಿತ್ತು. ಮಾವುತ ಒಂದು ಮಾತು ಹೇಳಿದರೆ ಸಾಕು, ಬಾಯಿ ತೆರೆಯುತ್ತಿತ್ತು. ಪ್ರವಾಸಿಗಳು, “ಇದೇನಾ ಅಷ್ಟು ಜನರನ್ನು ಕೊಂದದ್ದು!” ಎಂದು ಬೆರಗಾಗಿ ಫೋಟೋ ತೆಗೆಯುತ್ತಿದ್ದರು. ನಾನೂ ಬಹುಕಾಲ ಇದನ್ನು ಹೃದಯ ಪರಿವರ್ತನೆಯ ದೃಷ್ಟಾಂತವೆಂದೇ ತಿಳಿದಿದ್ದೆ. ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಭಾಷಣಕ್ಕೆ ಕರೆದಾಗ ಈ ಆನೆಯ ಕಥೆಯನ್ನು ಹೇಳಿ, ಪ್ರೀತಿಯಿಂದ ಎಂಥವರೂ ಬದಲಾಗುತ್ತಾರೆ ಎಂದು ಮುಗಿಸುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು.

ಆ ಭಾಷಣವನ್ನು ನಿಲ್ಲಿಸುವಂತೆ ಮಾಡಿದವರು ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಊಟ ಬೇಯಿಸುತ್ತಿದ್ದ ಒಬ್ಬ ಹೆಣ್ಣುಮಗಳು. ಆಕೆಯ ಗಂಡ ಟೀ ಎಸ್ಟೇಟಿನ ಕಾವಲುಗಾರ. ಒಂದು ಮುಂಜಾನೆ ಕೆಲಸ ಮುಗಿಸಿ ಬರುತ್ತಿದ್ದಾಗ ಮಂಜಿನಲ್ಲಿ ಆನೆಗೆ ಎದುರಾಗಿ ಪ್ರಾಣ ಕಳೆದುಕೊಂಡ. ಅದು ಯಾವ ಆನೆಯೆಂದು ಯಾರಿಗೂ ಗೊತ್ತಾಗಲಿಲ್ಲ. ಹಲವು ವರ್ಷಗಳ ಬಳಿಕ ಆಕೆಯ ಮೊಮ್ಮಗನ ಶಾಲೆಯ ಸಮಾರಂಭದಲ್ಲಿ ನಾನು ಮೂರ್ತಿಯ ಕಥೆ ಹೇಳಿ ಕೆಳಗಿಳಿದಾಗ ಹತ್ತಿರ ಬಂದು ಕೇಳಿದರು: “ಹೆಡ್‌ಮಾಸ್ಟರ್ ಅಯ್ಯಾ, ಆ ಆನೆಗೆ ದಿನಾ ಬೆಲ್ಲ ಕೊಡ್ತಾರಾ?” ಕೊಡುತ್ತಾರಮ್ಮಾ ಎಂದೆ. “ಸತ್ತವರ ಮನೇಲಿ ಒಲೆ ಹತ್ತಿತಾ ಅಂತ ಯಾರಾದ್ರೂ ಹೋಗಿ ನೋಡಿದ್ರಾ ಅಯ್ಯಾ?” ಎಂದರು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ; ತಿಳಿದುಕೊಳ್ಳುವ ಇಚ್ಛೆಯಷ್ಟೇ ಇತ್ತು. ಮೂವತ್ತೈದು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಿದ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಆ ಮನೆಗಳ ಪೈಕಿ ಒಂದಕ್ಕೂ ನಾನು ಹೋಗಿರಲಿಲ್ಲ. ತೆಪ್ಪಕಾಡಿಗೆ ಮಾತ್ರ ತಪ್ಪದೆ ಹೋಗಿದ್ದೆ.

ಅಂದಿನಿಂದ ಈ ವಿಷಯವನ್ನು ಮೊದಲಿನಿಂದ ಯೋಚಿಸಲು ಯತ್ನಿಸಿದ್ದೇನೆ.

ನೀತಿಬೋಧೆಯ ಗಂಟೆಯಲ್ಲಿ ನಾನು ಎರಡು ಕಥೆಗಳನ್ನು ತಪ್ಪದೆ ಹೇಳುತ್ತಿದ್ದೆ. ಒಂದು ನಮ್ಮ ಗೋವಿನ ಹಾಡಿನ ಕಥೆ; ಇನ್ನೊಂದು ತಮಿಳರ ಮನುನೀತಿ ಚೋಳನ ಕಥೆ. ಮೊದಲನೆಯದರಲ್ಲಿ ಹಸುವಿನ ಸತ್ಯನಿಷ್ಠೆಯನ್ನು ಕಂಡ ಹುಲಿ ಪಶ್ಚಾತ್ತಾಪದಿಂದ ಪ್ರಾಣ ಬಿಡುತ್ತದೆ. ಎರಡನೆಯದರಲ್ಲಿ ರಾಜಕುಮಾರನ ರಥಕ್ಕೆ ಸಿಕ್ಕು ಕರು ಸಾಯುತ್ತದೆ. ತಾಯಿ ಹಸು ಬಂದು ಅರಮನೆಯ ನ್ಯಾಯದ ಗಂಟೆ ಬಾರಿಸುತ್ತದೆ. ರಾಜ ತನ್ನ ಮಗನಿಗೇ ಅದೇ ಶಿಕ್ಷೆ ವಿಧಿಸುತ್ತಾನೆ. ಒಮ್ಮೆ ಏಳನೇ ತರಗತಿಯ ಹುಡುಗನೊಬ್ಬ ಎದ್ದುನಿಂತು, “ಸಾರ್, ಹುಲಿ ಹಸುವನ್ನು ತಿನ್ನದೆ ಹುಲ್ಲು ತಿನ್ನಬೇಕಿತ್ತಾ? ಅದರದ್ದೇನು ತಪ್ಪು?” ಎಂದು ಕೇಳಿದ್ದ. ತರಗತಿ ನಕ್ಕಿತು, ನಾನೂ ನಕ್ಕು ಕೂರಿಸಿದೆ. ಈಗ ಅನ್ನಿಸುತ್ತದೆ, ಆ ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ. ಹಾಡಿನ ಹುಲಿ ನಮ್ಮೊಳಗಿನ ಕ್ರೌರ್ಯಕ್ಕೆ ಒಂದು ರೂಪಕ. ಅದಕ್ಕೆ ಪಶ್ಚಾತ್ತಾಪ ಸಲ್ಲುತ್ತದೆ. ಕಾಡಿನ ಹುಲಿಗೆ ಅದು ಸಲ್ಲದು. ಪ್ರಾಣಿಗೆ ಸಂಬಂಧಿಸಿದ ನಿಜವಾದ ನ್ಯಾಯದ ಪ್ರಶ್ನೆ ಇರುವುದು ಎರಡನೆಯ ಕಥೆಯಲ್ಲಿ. ಅಲ್ಲಿ ಉತ್ತರ ಕೊಡಬೇಕಾದವನು ಮನುಷ್ಯ.

ಅಪರಾಧವೆಂದರೇನು? ಮಾಡಬಾರದೆಂದು ತಿಳಿದೂ, ಮಾಡದಿರುವ ಸ್ವಾತಂತ್ರ್ಯವಿದ್ದೂ ಮಾಡುವುದು. ಚಿಕ್ಕ ಮಗು ಕೈಗೆ ಸಿಕ್ಕಿದ್ದನ್ನು ಎಸೆದು ಯಾರಿಗೋ ಗಾಯವಾದರೆ ನಾವು ಮಗುವನ್ನು ಅಪರಾಧಿ ಎನ್ನುವುದಿಲ್ಲ. ಎಟಕುವಲ್ಲಿ ಇಟ್ಟವರು ಯಾರು ಎಂದು ಕೇಳುತ್ತೇವೆ. ಆನೆ ತನ್ನ ಅಜ್ಜಿ ನಡೆದ ದಾರಿಯಲ್ಲಿ ನಡೆಯುತ್ತದೆ. ಆ ದಾರಿಯ ನಡುವೆ ಎಸ್ಟೇಟು, ಬೇಲಿ, ಮನೆ, ಬಾಳೆತೋಟ, ರೆಸಾರ್ಟು ಎದ್ದಿರುವುದು ಅದರ ತಿಳಿವಿಗೆ ಮೀರಿದ ಸಂಗತಿ. ಆದ್ದರಿಂದ ಆನೆಗೆ ಅಪರಾಧವಿಲ್ಲ. ಅಪರಾಧವಿಲ್ಲವೆಂದ ಮೇಲೆ ಶಿಕ್ಷೆಯೂ ಇಲ್ಲ, ಕ್ಷಮೆಯೂ ಇಲ್ಲ. ಮೂರ್ತಿಯನ್ನು ‘ಕ್ಷಮಿಸಿದೆವು’ ಎಂದು ನಾನು ಭಾಷಣದಲ್ಲಿ ಹೇಳುತ್ತಿದ್ದ ಮಾತು ಅರ್ಥವಿಲ್ಲದ್ದು. ತಪ್ಪೇ ಮಾಡದವರನ್ನು ಕ್ಷಮಿಸುವುದು ಒಂದು ಬಗೆಯ ಅಹಂಕಾರ.

ಹಾಗೆಯೇ ಅದು ‘ಒಳ್ಳೆಯದಾಯಿತು’ ಎಂಬ ಮಾತನ್ನೂ ಕೈಬಿಡಬೇಕಾಯಿತು. ಹಿಡಿದ ಆನೆಯನ್ನು ದಪ್ಪ ಮರದ ದಿಮ್ಮಿಗಳ ಕ್ರಾಲ್‌ನಲ್ಲಿ ಕೂಡಿ ಪಳಗಿಸುವ ಕ್ರಮ ನಮಗೆ ತಿಳಿದಿದೆ. ಹಸಿವು, ಸರಪಳಿ, ಅಂಕುಶದ ಭಯ, ಜೊತೆಗೆ ಮಾವುತನ ಸಹನೆ, ಹಾಡು, ಕೈತುತ್ತು ಎಲ್ಲವೂ ಅದರಲ್ಲಿ ಸೇರಿವೆ. ಕೊನೆಯಲ್ಲಿ ಸಿಗುವ ಶಾಂತಿ ಪ್ರೀತಿಯದೋ ಸೋಲಿನದೋ ಹೊರಗೆ ನಿಂತವರು ಹೇಳಲಾರರು. 2023ರ ಮಾರ್ಚಿಯಲ್ಲಿ ಇದೇ ತೆಪ್ಪಕಾಡಿನ ಬೊಮ್ಮನ್–ಬೆಳ್ಳಿ ದಂಪತಿ ಹಾಗೂ ಅವರು ಸಾಕಿದ ಮರಿಗಳ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಮರು ತಿಂಗಳೇ ಅದೇ ಶಿಬಿರದಲ್ಲಿ ಮಾಸಿನಿ ಎಂಬ ಹೆಣ್ಣಾನೆ ಮಾವುತರೊಬ್ಬರನ್ನು ಕೊಂದಿತು. ಮರಿಯಾಗಿದ್ದಾಗ ಇಲ್ಲಿ ಬೆಳೆದು, ತಿರುಚಿರಾಪಳ್ಳಿ ಕಡೆಯ ದೇವಾಲಯಕ್ಕೆ ಹೋಗಿ, 2018ರಲ್ಲಿ ಅಲ್ಲಿಯೂ ಮಾವುತನ ಸಾವಿಗೆ ಕಾರಣವಾಗಿ ಹಿಂದಿರುಗಿದ್ದ ಆನೆ ಅದು. ಪ್ರೀತಿಯ ಕಥೆಯೂ ನಿಜ, ಸಾವಿನ ಕಥೆಯೂ ನಿಜ. ಒಂದನ್ನಷ್ಟೇ ಆರಿಸಿಕೊಂಡು ಹೇಳುವವನು ಸುಳ್ಳು ಹೇಳದಿದ್ದರೂ ಪೂರ್ತಿ ಸತ್ಯ ಹೇಳುತ್ತಿಲ್ಲ.

ಹಾಗಾದರೆ ನಿರಪರಾಧಿಯನ್ನು ಕಟ್ಟಿಹಾಕುವುದು ಹೇಗೆ ಸರಿ? ಬೇರೆ ದಾರಿ ಇಲ್ಲದಿದ್ದಾಗ ಸರಿಯೆಂದೇ ನಾನು ಹೇಳುತ್ತೇನೆ. ಮುಂಜಾನೆ ಕೊಳೆಂದು ಟೀ ಸೊಪ್ಪು ಕೀಳಲು ಹೊರಡುವ ಹೆಂಗಸರ ಜೀವಕ್ಕಿಂತ ನನ್ನ ಪ್ರಾಣಿದಯೆ ದೊಡ್ಡದಲ್ಲ. ಆದರೆ ಆಗ ನಾವು ಮಾಡುತ್ತಿರುವುದು ಶಿಕ್ಷೆಯಲ್ಲ, ಉಪಕಾರವೂ ಅಲ್ಲ. ನಮ್ಮ ಉಳಿವಿಗಾಗಿ ಒಂದು ಜೀವದ ಸ್ವಾತಂತ್ರ್ಯವನ್ನು ಸಾಲವಾಗಿ ಪಡೆಯುತ್ತಿದ್ದೇವೆ. ರಾಗಿಮುದ್ದೆ, ಬೆಲ್ಲ, ಔಷಧಿ ಆ ಸಾಲದ ಬಡ್ಡಿ. ಅಸಲು ತೀರಿಸುವ ಶಕ್ತಿ ನಮಗಿಲ್ಲ. ಆಕೆಗೆ ಅಂದು ನಾನು ಹೇಳಬೇಕಾಗಿದ್ದ ಉತ್ತರದ ಅರ್ಧ ಇದು: ಅಮ್ಮಾ, ಆ ಬೆಲ್ಲ ಬಹುಮಾನವಲ್ಲ.

2021ರಲ್ಲಿ ಟಿ23 ಎಂಬ ಹುಲಿಯ ವಿಷಯದಲ್ಲಿ ಇದೇ ಪ್ರಶ್ನೆ ನಮ್ಮ ಮನೆಬಾಗಿಲಿಗೆ ಬಂದಿತ್ತು. ನಾಲ್ವರು ಸತ್ತಿದ್ದರು. ಕೊಲ್ಲಿರಿ ಎಂದು ರಸ್ತೆ ತಡೆದವರೂ ನಮ್ಮವರೇ, ಕೊಲ್ಲಬೇಡಿ ಎಂದು ನ್ಯಾಯಾಲಯಕ್ಕೆ ಹೋದವರು ಬಹುಮಟ್ಟಿಗೆ ದೂರದವರು. ಮೂರು ವಾರಗಳ ಹುಡುಕಾಟದ ನಂತರ ಅಕ್ಟೋಬರ್ 15ರಂದು ಮಸಿನಗುಡಿಯ ಬಳಿ ಜೀವಂತವಾಗಿ ಹಿಡಿದು ಮೈಸೂರಿನ ಪುನರ್ವಸತಿ ಕೇಂದ್ರಕ್ಕೆ ಒಯ್ದರು. ಮಗಳ ಮನೆಗೆ ಮೈಸೂರಿಗೆ ಹೋದಾಗಲೆಲ್ಲ ನಾನು ಚಾಮರಾಜೇಂದ್ರ ಮೃಗಾಲಯಕ್ಕೆ ಹೋಗುವವನು. 1892ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಸ್ಥಾಪಿಸಿದ ಆ ತೋಟದಲ್ಲಿ ಮೊಮ್ಮಗ, “ತಾತಾ, ನಮ್ಮ ಗೂಡಲೂರಿನ ಹುಲಿ ಯಾವುದು?” ಎಂದು ಕೇಳಿದ. ಅದು ಇಲ್ಲಿಲ್ಲ ಮಗೂ, ಅದನ್ನು ಜನರಿಗೆ ತೋರಿಸುವುದಿಲ್ಲ ಎಂದೆ. ಒಂದು ಗಳಿಗೆ ಯೋಚಿಸಿ ಮಗು ಹೇಳಿತು: “ಹಾಗಾದ್ರೆ ಅದು ಅಲ್ಲಿದೆ ಅಂತ ನೆನಪು ಇಟ್ಕೊಳ್ಳೋರು ಯಾರು?”

ಉತ್ತರದ ಇನ್ನರ್ಧ ಇಲ್ಲಿದೆ ಎಂದು ನನಗನಿಸುತ್ತದೆ. ಪಂಜರದ ಮುಂದೆ ನಿಲ್ಲುವ ನಮ್ಮಂಥವರಿಗೆ ಕಣ್ಣೆದುರಿನ ಪ್ರಾಣಿಯ ಮೇಲೆ ಕರುಣೆ ಬರುವುದು ಸುಲಭ. ಟಿಕೆಟಿನ ಹಣ ಕೊಟ್ಟರೆ ಅದೂ ಸಿಗುತ್ತದೆ. ಕಣ್ಣಿಗೆ ಬೀಳದವರನ್ನು, ಅಂದರೆ ಗೋಡೆಯಾಚೆಯ ಹುಲಿಯನ್ನು, ಲೈನುಮನೆಯ ವಿಧವೆಯನ್ನು, ಇಡೀ ಬಾಳನ್ನು ಸರಪಳಿಯ ಇನ್ನೊಂದು ತುದಿಯಲ್ಲಿ ಕಳೆಯುವ ಮಾವುತನನ್ನು ನೆನಪಿಟ್ಟುಕೊಳ್ಳುವುದು ಕಷ್ಟ. ಕಳೆದುಕೊಂಡವರ ಎದುರು ಕಳೆದುಕೊಳ್ಳದವನು ಆಡುವ ದಯೆಯ ಮಾತಿಗೆ ಬೆಲೆ ಬರಬೇಕಾದರೆ ಅವನೂ ಏನನ್ನಾದರೂ ತೆರಬೇಕು.

ಇದನ್ನು ಬರೆಯುವಾಗ ಇನ್ನೊಂದು ನೆನಪು ಕಾಡುತ್ತದೆ. ನಾನು ಹೊಸದಾಗಿ ಮುಖ್ಯೋಪಾಧ್ಯಾಯನಾಗಿದ್ದಾಗ ಎಸ್ಟೇಟ್ ಲೈನಿನ ಹುಡುಗನೊಬ್ಬ ಸಹಪಾಠಿಯ ತಲೆ ಒಡೆದ. ಅದು ಮೊದಲ ಸಲವೂ ಆಗಿರಲಿಲ್ಲ. ಶಿಕ್ಷಕರ ಕೊಠಡಿಯಲ್ಲಿ ಅವನಿಗೆ ‘ಪುಂಡಾನೆ’ ಎಂದೇ ಹೆಸರಿತ್ತು. ಅವನ ಮನೆಯಲ್ಲಿ ಏನು ನಡೆಯುತ್ತಿದೆಯೆಂದು ವಿಚಾರಿಸದೆ ವರ್ಗಾವಣೆ ಪತ್ರಕ್ಕೆ ಸಹಿ ಹಾಕಿ ಕಳುಹಿಸಿದೆ. ಇತರ ಮಕ್ಕಳ ಸುರಕ್ಷತೆ ನನ್ನ ಹೊಣೆಯಾಗಿತ್ತು. ಆ ನಿರ್ಧಾರವೇ ತಪ್ಪೆಂದು ಇಂದೂ ಹೇಳಲಾರೆ. ಆದರೆ ಕಳುಹಿಸಿದ ಮೇಲೆ ಅವನು ಎಲ್ಲಿ ಸೇರಿದ, ಸೇರಿದನೋ ಇಲ್ಲವೋ ಎಂದು ಒಮ್ಮೆಯೂ ಹೋಗಿ ನೋಡಲಿಲ್ಲ. ಆ ಹುಡುಗ ಆನೆಯಲ್ಲ. ಅವನಿಗೆ ತಪ್ಪು ಒಪ್ಪುಗಳ ತಿಳಿವಿತ್ತು, ತಿದ್ದಿಕೊಳ್ಳುವ ಶಕ್ತಿಯೂ ಇತ್ತು. ಹಾಗಿರುವಾಗ ಆನೆಗೆ ಸಿಕ್ಕಷ್ಟು ಆರೈಕೆಯೂ ಅವನಿಗೆ ನನ್ನಿಂದ ಸಿಗಲಿಲ್ಲ. ಅವನ ಮುಂದಿನ ಬದುಕು ಏನಾಯಿತೋ ನಾನರಿಯೆ.

2024ರ ಅಕ್ಟೋಬರಿನಲ್ಲಿ ಮೂರ್ತಿ ತೀರಿಕೊಂಡ ಸುದ್ದಿ ಬಂತು. ಕೆಲವು ದಿನಗಳ ನಂತರ ಹೋದಾಗ ಅದು ನಿಲ್ಲುತ್ತಿದ್ದ ಜಾಗದ ಕಡೆಗೆ ಕಣ್ಣು ತಾನಾಗಿ ಹೋಯಿತು. ಪರಿಚಿತ ಮಾವುತರೊಬ್ಬರು, “ಒಳ್ಳೆ ಆನೆ ಸಾರ್” ಎಂದಷ್ಟೇ ಹೇಳಿದರು. ‘ಒಳ್ಳೆಯದು’ ಎಂಬ ಮಾತನ್ನು ನಾನು ತರ್ಕದಿಂದ ಕೈಬಿಟ್ಟಿದ್ದೆ. ದಿನವೂ ಅದರ ಬಾಯೊಳಗೆ ಕೈಯಿಡುವವರ ನಡುವೆ ಬದುಕಿದ ಅವರಿಗೆ ಆ ಮಾತನ್ನು ಆಡುವ ಅಧಿಕಾರವಿತ್ತು. ನಾನು ಮರುಮಾತನಾಡಲಿಲ್ಲ.

ಗೂಡಲೂರಿಗೆ ಮರಳಿದ ಮೇಲೆ ಅಡುಗೆಯ ಆ ಹೆಣ್ಣುಮಗಳ ಮನೆಯನ್ನು ವಿಚಾರಿಸಿಕೊಂಡು ಹೋದೆ. ಹೋಗಬೇಕೆಂದು ಅಂದುಕೊಂಡು ಎಷ್ಟೋ ವರ್ಷಗಳಾಗಿದ್ದವು. ಚಹಾ ಕೊಟ್ಟರು. ಆನೆ ಸತ್ತ ವಿಷಯ ತಿಳಿಸಿದೆ. “ಪಾಪ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಮನೆಯ ಹಿಂದಿನ ಸೋಲಾರ್ ಬೇಲಿ ಕೆಟ್ಟು ಬಹಳ ದಿನವಾಯಿತು, ಅರ್ಜಿ ಬರೆದುಕೊಡುತ್ತೀರಾ ಅಯ್ಯಾ ಎಂದು ಕೇಳಿದರು. ಅಲ್ಲೇ ಕುಳಿತು ಬರೆದುಕೊಟ್ಟೆ. ಮುಂದಿನ ತಿಂಗಳು ಇನ್ನೊಂದು ಬರೆಯಬೇಕಾಯಿತು. ಈಗ ತೆಪ್ಪಕಾಡಿಗೆ ಹೋಗುವ ತಿಂಗಳುಗಳಲ್ಲಿ ಆ ಲೈನಿಗೂ ಒಮ್ಮೆ ಹೋಗಿಬರುತ್ತೇನೆ. ನಮ್ಮ ಸಂಘದ ಕಿರಿಯರಲ್ಲಿ ಅರ್ಜಿ ಬರೆಯಬಲ್ಲವರು, ಕಚೇರಿಗೆ ಓಡಾಡಬಲ್ಲವರು ಅನೇಕರಿದ್ದಾರೆ. ಜೊತೆಗೆ ಬರುವವರಿದ್ದರೆ ದಾರಿ ತೋರಿಸಲು ನಾನು ಸಿದ್ಧ.