ರೋಮ್ ಪ್ರಭುತ್ವ ಮತ್ತು ಒಂದು ಚಿಟಿಕೆ ಧೂಪ

ಮನಸ್ಸಿನಲ್ಲಿ ಏನನ್ನಾದರೂ ನಂಬಿಕೊಂಡಿರು, ಆದರೆ ಈ ಒಂದು ವಿಧಿಯನ್ನು ಎಲ್ಲರೆದುರು ನೆರವೇರಿಸು ಎಂದು ಪ್ರಭುತ್ವವು ಪ್ರಜೆಗೆ ಆಜ್ಞಾಪಿಸಿದಾಗ ಅದು ಅವನ ಧರ್ಮದೊಳಗೆ ಕೈಹಾಕಿದಂತಾಯಿತೇ ಇಲ್ಲವೇ ಎಂಬ ಪ್ರಶ್ನೆಯನ್ನು ಪ್ರಾಚೀನ ರೋಮ್ ಸಾಮ್ರಾಜ್ಯದಷ್ಟು ದೀರ್ಘಕಾಲ ಎದುರಿಸಿದ ರಾಜ್ಯಗಳು ವಿರಳ. ಆ ಸಾಮ್ರಾಜ್ಯದ ನ್ಯಾಯಪೀಠಗಳ ಮುಂದೆ ಈ ಪ್ರಶ್ನೆಯು ಒಂದು ಚಿಟಿಕೆ ಧೂಪದ ರೂಪದಲ್ಲಿ ಬಂದು ನಿಂತಿತು. ಆರೋಪಿಯು ಅದನ್ನು ಕೆಂಡದ ಮೇಲೆ ಹಾಕಿದರೆ ಮನೆಗೆ ಹೋಗಬಹುದಿತ್ತು, ಹಾಕಲು ಒಪ್ಪದಿದ್ದರೆ ತಲೆ ಕೊಡಬೇಕಾಗುತ್ತಿತ್ತು. ಕೇಳಿದವರಿಗೆ ಅದು ಅತ್ಯಂತ ಹಗುರವಾದ ಬೇಡಿಕೆಯಾಗಿಯೂ ಕೇಳಿಸಿಕೊಂಡವರಿಗೆ ಪ್ರಾಣಕ್ಕಿಂತ ಭಾರವಾದುದಾಗಿಯೂ ತೋರಿದ್ದು ಹೇಗೆ ಎಂಬುದನ್ನು ತಿಳಿಯಬೇಕಾದರೆ ರೋಮನ್ನರ ಪಾಲಿಗೆ ಧರ್ಮವೆಂದರೆ ಏನಾಗಿತ್ತು ಎಂಬಲ್ಲಿಂದ ಹೊರಡಬೇಕಾಗುತ್ತದೆ.

ರೋಮನ್ನರ ಧರ್ಮಕ್ಕೆ ಒಂದು ಮೂಲಗ್ರಂಥವಾಗಲಿ, ಎಲ್ಲರೂ ಒಪ್ಪಿ ನುಡಿಯಬೇಕಾದ ಸಿದ್ಧಾಂತವಾಗಲಿ ಇರಲಿಲ್ಲ. ನಗರಕ್ಕೂ ದೇವತೆಗಳಿಗೂ ನಡುವಣ ಸೌಹಾರ್ದವನ್ನು ಅವರು 'ಪಾಕ್ಸ್ ದೇಓರುಮ್', ಅಂದರೆ ದೇವತೆಗಳೊಡನೆ ಇರುವ ಶಾಂತಿ, ಎಂದು ಕರೆಯುತ್ತಿದ್ದರು. ಯುದ್ಧದ ಜಯ, ಬೆಳೆಯ ಸಮೃದ್ಧಿ, ರೋಗರುಜಿನಗಳಿಂದ ಬಿಡುಗಡೆ ಎಲ್ಲವೂ ಆ ಶಾಂತಿಯನ್ನು ಅವಲಂಬಿಸಿದ್ದವು, ಆ ಶಾಂತಿಯಾದರೋ ವಿಧಿಗಳ ಸರಿಯಾದ ಆಚರಣೆಯನ್ನು ಅವಲಂಬಿಸಿತ್ತು. ಬಲಿ ಕೊಡುವ ಅಧಿಕಾರಿಯು ಟೋಗಾ ಎಂಬ ಮೇಲುಡುಪಿನ ಅಂಚನ್ನು ತಲೆಯ ಮೇಲೆ ಎಳೆದುಕೊಂಡು, ಅಶುಭವಾದ ಸದ್ದು ಕಿವಿಗೆ ಬೀಳದಿರಲೆಂದು ಕೊಳಲೂದುವವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಪ್ರಾರ್ಥನೆಯ ಮಾತುಗಳನ್ನು ತಪ್ಪಿಲ್ಲದೆ ಉಚ್ಚರಿಸುತ್ತಿದ್ದನು. ವೆಸ್ಟಾ ದೇವಿಯ ಕನ್ಯಾ ಅರ್ಚಕಿಯರು ಸಿದ್ಧಪಡಿಸಿದ ಉಪ್ಪು ಬೆರೆತ ಹಿಟ್ಟನ್ನು ಪಶುವಿನ ಮೇಲೆ ಉದುರಿಸಿ, ದ್ರಾಕ್ಷಾರಸವನ್ನು ಎರೆದು, ಅದನ್ನು ವಧಿಸಿದ ಮೇಲೆ ಪಿತ್ತಜನಕಾಂಗ ಮೊದಲಾದ ಒಳಗಿನ ಅವಯವಗಳನ್ನು ಪರೀಕ್ಷಿಸಿ ದೇವತೆಯು ಬಲಿಯನ್ನು ಸ್ವೀಕರಿಸಿತೇ ಎಂಬುದನ್ನು ನಿರ್ಧರಿಸಲಾಗುತ್ತಿತ್ತು. ನಡುವೆ ಎಲ್ಲಾದರೂ ಲೋಪವಾಯಿತೆಂದು ಕಂಡುಬಂದರೆ ವಿಧಿಯನ್ನು ಮೊದಲಿನಿಂದ ಮತ್ತೆ ನಡೆಸಬೇಕಾಗಿತ್ತು. ಇಷ್ಟೆಲ್ಲ ಎಚ್ಚರಿಕೆಯ ನಡುವೆ, ಬಲಿ ಕೊಡುವವನು ದೇವತೆಯ ಸ್ವರೂಪದ ಬಗ್ಗೆ ಯಾವ ಅಭಿಪ್ರಾಯ ಇಟ್ಟುಕೊಂಡಿದ್ದಾನೆ ಎಂದು ಯಾರೂ ವಿಚಾರಿಸುತ್ತಿರಲಿಲ್ಲ.

ಪೌರೋಹಿತ್ಯವು ರಾಜ್ಯಾಡಳಿತದಿಂದ ಬೇರೆಯಾಗಿರಲಿಲ್ಲ ಎಂಬುದು ಇದಕ್ಕೆ ಪೂರಕವಾದ ಸಂಗತಿ. ಸೆನೆಟ್ ಸಭೆಯಲ್ಲಿ ಕುಳಿತು ಯುದ್ಧ ಮತ್ತು ತೆರಿಗೆಗಳ ಮಾತನಾಡುತ್ತಿದ್ದವರೇ ಪುರೋಹಿತ ಮಂಡಲಿಗಳ ಸದಸ್ಯರೂ ಆಗಿರುತ್ತಿದ್ದರು. ಅಗಸ್ಟಸ್ ಚಕ್ರವರ್ತಿಯು ಕ್ರಿ.ಪೂ. 12ರಲ್ಲಿ 'ಪಾಂಟಿಫೆಕ್ಸ್ ಮ್ಯಾಕ್ಸಿಮಸ್' ಎಂಬ ಪ್ರಧಾನ ಪುರೋಹಿತನ ಪದವಿಯನ್ನು ವಹಿಸಿಕೊಂಡ ಮೇಲೆ ಆ ಪದವಿಯು ಚಕ್ರವರ್ತಿಗಳದೇ ಆಯಿತು. ಸಿಸೆರೊ ಕ್ರಿ.ಪೂ. 53ರಿಂದ 'ಆಗರ್', ಅಂದರೆ ಹಕ್ಕಿಗಳ ಚಲನೆ ಮೊದಲಾದವುಗಳಿಂದ ಶಕುನವನ್ನು ಅರಿಯುವ ಪುರೋಹಿತ, ಆಗಿದ್ದನು. ಅದೇ ಸಿಸೆರೊ ಭವಿಷ್ಯಜ್ಞಾನವನ್ನು ಕುರಿತು ಬರೆದ ಗ್ರಂಥದ ಎರಡನೆಯ ಭಾಗದಲ್ಲಿ ಶಕುನಗಳಿಂದ ಮುಂದಾಗುವುದನ್ನು ತಿಳಿಯಬಹುದೆಂಬ ನಂಬಿಕೆಯನ್ನು ತರ್ಕದಿಂದ ಖಂಡಿಸಿದ್ದಾನೆ, ಆದರೂ ರಾಜ್ಯದ ಹಿತಕ್ಕಾಗಿ ಆ ಪದ್ಧತಿಯನ್ನು ಉಳಿಸಿಕೊಳ್ಳಬೇಕೆಂದು ವಾದಿಸಿದ್ದಾನೆ. ದೇವತೆಗಳ ಸ್ವರೂಪವನ್ನು ಕುರಿತ ಅವನ ಇನ್ನೊಂದು ಸಂವಾದದಲ್ಲಿ ಕೋಟ್ಟಾ ಎಂಬ ಪುರೋಹಿತನು, ಪೂರ್ವಿಕರಿಂದ ಬಂದ ವಿಧಿಗಳನ್ನು ಯಾವ ಪ್ರಮಾಣವನ್ನೂ ಕೇಳದೆ ಪಾಲಿಸುವೆನೆಂದೂ, ತತ್ತ್ವಜ್ಞಾನಿಯಾದರೆ ಮಾತ್ರ ತನಗೆ ಪ್ರಮಾಣವನ್ನು ಕೊಡಲೇಬೇಕೆಂದೂ ಹೇಳುತ್ತಾನೆ. ಇದನ್ನು ಬೂಟಾಟಿಕೆಯೆಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಕೋಟ್ಟಾನ ನಿಲುವಿನಲ್ಲಿ ವಂಚನೆಯಿಲ್ಲ. ವಿಧಿಯು ಊರಿಗೆ ಸೇರಿದ್ದು, ವಿಚಾರವು ವ್ಯಕ್ತಿಗೆ ಸೇರಿದ್ದು ಎಂಬ ವಿಭಜನೆಯನ್ನು ಆತನು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದನು, ಆ ವಿಭಜನೆಯಿಂದಲೇ ರೋಮಿನ ವಿದ್ಯಾವಂತರಿಗೆ ದೊರೆತಿದ್ದ ಚಿಂತನ ಸ್ವಾತಂತ್ರ್ಯವು ಅನಂತರದ ಅನೇಕ ಶತಮಾನಗಳಲ್ಲಿ ಯುರೋಪಿಗೆ ದೊರೆಯಲಿಲ್ಲ.

ಪರದೇವತೆಗಳ ವಿಷಯದಲ್ಲಿಯೂ ರೋಮ್ ಉದಾರವಾಗಿತ್ತು, ಆದರೆ ಆ ಔದಾರ್ಯವು ಪ್ರಭುತ್ವದ ಅಂಕೆಯಲ್ಲಿಯೇ ಇತ್ತು. ಕ್ರಿ.ಪೂ. 204ರಲ್ಲಿ ಏಷ್ಯಾ ಮೈನರಿನಿಂದ ಮಹಾಮಾತೆ ಸಿಬೆಲೆಯನ್ನು ಸರಕಾರಿ ಗೌರವದೊಡನೆ ಕರೆತಂದ ಸೆನೆಟ್, ಕ್ರಿ.ಪೂ. 186ರಲ್ಲಿ ಬಾಕಸ್ ದೇವತೆಯ ರಹಸ್ಯಪೂಜೆಗಳನ್ನು ಹತ್ತಿಕ್ಕಿತು. ಕಂಚಿನ ಫಲಕವೊಂದರಲ್ಲಿ ಉಳಿದುಬಂದಿರುವ ಆ ಆಜ್ಞೆಯ ಪ್ರಕಾರ, ವಿಶೇಷ ಅನುಮತಿಯಿಲ್ಲದೆ ಇಬ್ಬರು ಗಂಡಸರು ಮತ್ತು ಮೂವರು ಹೆಂಗಸರಿಗಿಂತ ಹೆಚ್ಚು ಜನ ಆ ಪೂಜೆಗೆ ಸೇರುವಂತಿರಲಿಲ್ಲ. ಯೆಹೂದ್ಯರಿಗೆ ಮಾಡಿಕೊಟ್ಟ ಏರ್ಪಾಡು ಇನ್ನೂ ಸೂಕ್ಷ್ಮವಾದುದು. ಅನ್ಯದೇವತೆಗೆ ಬಲಿ ಕೊಡುವುದು ಅವರ ಧರ್ಮಶಾಸ್ತ್ರಕ್ಕೆ ವಿರುದ್ಧವಾದುದರಿಂದ, ಚಕ್ರವರ್ತಿಗೆ ಬಲಿ ಕೊಡುವ ಬದಲು ಅವನ ಕ್ಷೇಮಕ್ಕಾಗಿ ಜೆರೂಸಲೇಮಿನ ದೇವಾಲಯದಲ್ಲಿ ತಮ್ಮ ದೇವರಿಗೇ ನಿತ್ಯವೂ ಬಲಿ ಕೊಡುವುದಕ್ಕೆ ಅವಕಾಶವಿತ್ತು, ಕ್ರಿ.ಶ. 66ರಲ್ಲಿ ಆ ಬಲಿಯನ್ನು ನಿಲ್ಲಿಸಿದ್ದೇ ದಂಗೆಯ ಘೋಷಣೆಯಾಯಿತು. ಪುರಾತನ ಜನಾಂಗವೊಂದರ ಪೂರ್ವಿಕರ ಪದ್ಧತಿಯೆಂಬ ಕಾರಣಕ್ಕೆ ಸಿಕ್ಕಿದ್ದ ಈ ವಿನಾಯಿತಿಯನ್ನು, ಪೂರ್ವಿಕರ ಪದ್ಧತಿಯನ್ನು ಬಿಟ್ಟುಬಂದಿದ್ದ ಕ್ರೈಸ್ತರು ಕೇಳುವಂತಿರಲಿಲ್ಲ.

ಕಪ್ಪು ಸಮುದ್ರದ ದಕ್ಷಿಣ ತೀರದ ಬಿಥಿನಿಯ-ಪಾಂಟಸ್ ಪ್ರಾಂತದ ಅಧಿಪತಿಯಾಗಿದ್ದ ಕಿರಿಯ ಪ್ಲಿನಿಯು ಕ್ರಿ.ಶ. 112ರ ಸುಮಾರಿಗೆ ಟ್ರೇಜನ್ ಚಕ್ರವರ್ತಿಗೆ ಬರೆದ ಪತ್ರದಲ್ಲಿ ಈ ತೊಡಕು ಮೊದಲ ಬಾರಿಗೆ ಆಡಳಿತದ ಭಾಷೆಯಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ. ಕ್ರೈಸ್ತರೆಂದು ಒಪ್ಪಿಕೊಂಡವರನ್ನು ಆತನು ಶಿಕ್ಷೆಯ ಭಯವನ್ನು ತೋರಿಸುತ್ತ ಮೂರು ಸಲ ಪ್ರಶ್ನಿಸಿ, ಅನಂತರವೂ ಪಟ್ಟು ಬಿಡದವರನ್ನು ಮರಣಕ್ಕೆ ಕಳುಹಿಸಿದನು, ರೋಮಿನ ಪೌರತ್ವವಿದ್ದವರನ್ನು ರೋಮಿಗೆ ರವಾನಿಸಲು ಬೇರೆ ಇರಿಸಿದನು. ಹೆಸರಿಲ್ಲದ ಪಟ್ಟಿಯೊಂದರಲ್ಲಿ ಸೂಚಿತರಾಗಿದ್ದು ತಾವು ಕ್ರೈಸ್ತರಲ್ಲವೆಂದವರಿಗೆ ಒಂದು ಪರೀಕ್ಷೆಯನ್ನು ಏರ್ಪಡಿಸಿದನು: ನ್ಯಾಯಪೀಠಕ್ಕೆ ತರಿಸಿದ್ದ ಚಕ್ರವರ್ತಿಯ ಮತ್ತು ದೇವತೆಗಳ ಪ್ರತಿಮೆಗಳ ಮುಂದೆ ಅವರು ಆತನ ಬಾಯಿಂದ ಬಂದ ಪ್ರಾರ್ಥನೆಯನ್ನು ಮರಳಿ ನುಡಿದು, ಧೂಪವನ್ನೂ ದ್ರಾಕ್ಷಾರಸವನ್ನೂ ಅರ್ಪಿಸಿ, ಕ್ರಿಸ್ತನನ್ನು ಶಪಿಸಬೇಕು. ನಿಜವಾದ ಕ್ರೈಸ್ತರಿಂದ ಇವುಗಳಲ್ಲಿ ಯಾವುದನ್ನೂ ಬಲವಂತದಿಂದಲೂ ಮಾಡಿಸಲಾಗದೆಂದು ಕೇಳಿದ್ದುದೇ ಈ ಪರೀಕ್ಷೆಗೆ ಆಧಾರವೆಂದು ಪ್ಲಿನಿಯು ತಾನೇ ತಿಳಿಸುತ್ತಾನೆ. ಟ್ರೇಜನ್ನನ ಉತ್ತರವು ಸಂಕ್ಷಿಪ್ತವಾಗಿತ್ತು: ಕ್ರೈಸ್ತರನ್ನು ಹುಡುಕಿಕೊಂಡು ಹೋಗಬಾರದು, ಆರೋಪವು ಸಾಬೀತಾದರೆ ಶಿಕ್ಷಿಸಬೇಕು, ದೇವತೆಗಳನ್ನು ಪೂಜಿಸಿ ತೋರಿಸಿದವರನ್ನು ಹಿಂದಿನದೇನಿದ್ದರೂ ಕ್ಷಮಿಸಬೇಕು, ಹೆಸರಿಲ್ಲದ ದೂರುಗಳನ್ನು ಪರಿಗಣಿಸಲೇಬಾರದು.

ಈ ಪತ್ರವನ್ನು ಓದಿದ ಬಹುಮಂದಿ ಪ್ಲಿನಿಯ ಸೌಮ್ಯತೆಯನ್ನೋ ಕ್ರೌರ್ಯವನ್ನೋ ಚರ್ಚಿಸಿದ್ದಾರೆ. ಆದರೆ ಅದರಲ್ಲಿ ಇನ್ನೂ ಹೆಚ್ಚು ಗಮನಿಸಬೇಕಾದುದು ಆ ಪರೀಕ್ಷೆಯ ತರ್ಕ. ಧೂಪ ಹಾಕುವುದು ಬರಿಯ ಹೊರಗಿನ ಕ್ರಿಯೆ, ಅದಕ್ಕೂ ಮನಸ್ಸಿಗೂ ಸಂಬಂಧವಿಲ್ಲ ಎಂಬುದು ನಿಜವಾಗಿದ್ದರೆ ಅದರಿಂದ ಯಾರು ಕ್ರೈಸ್ತರು, ಯಾರು ಅಲ್ಲ ಎಂಬುದನ್ನು ಕಂಡುಹಿಡಿಯಲು ಸಾಧ್ಯವಾಗುತ್ತಿರಲಿಲ್ಲ. ಕ್ರಿಯೆಯು ಒಳಗಿರುವುದನ್ನು ಹೊರಗೆಡಹುತ್ತದೆಯೆಂದು ಒಪ್ಪಿಕೊಂಡ ಕ್ಷಣವೇ ಪ್ಲಿನಿಯು, ಕೋಟ್ಟಾನಂಥವರು ನೆಚ್ಚಿಕೊಂಡಿದ್ದ ವಿಭಜನೆಯನ್ನು ಕೈಬಿಟ್ಟಂತಾಯಿತು. ಹಬ್ಬದ ದಿನ ಊರವರೊಡನೆ ಸೇರಿ ವೇದಿಕೆಯ ಮುಂದೆ ನಿಲ್ಲುವವನ ಮೌನಕ್ಕೆ ಹಲವು ಅರ್ಥಗಳಿರಬಹುದು. ಶ್ರದ್ಧೆ, ಅಭ್ಯಾಸ, ನೆರೆಹೊರೆಯ ದಾಕ್ಷಿಣ್ಯ ಎಲ್ಲಕ್ಕೂ ಅಲ್ಲಿ ಎಡೆಯಿದೆ. ಅದೇ ಮನುಷ್ಯನನ್ನು ಒಂಟಿಯಾಗಿ ನ್ಯಾಯಾಧೀಶನ ಮುಂದೆ ನಿಲ್ಲಿಸಿ ಅದೇ ಕ್ರಿಯೆಯನ್ನು ಮಾಡಿಸಿದಾಗ ಅದಕ್ಕೆ ಎರಡೇ ಅರ್ಥಗಳು ಉಳಿಯುತ್ತವೆ, ಹೌದು ಅಥವಾ ಅಲ್ಲ. ವಿಧಿಯನ್ನು ಮತದ ಸಾಕ್ಷಿಯಾಗಿ ಮಾರ್ಪಡಿಸಿದ್ದು ಕ್ರೈಸ್ತರ ಮೊಂಡುತನವೆಂದು ಅಧಿಕಾರಿಗಳು ದೂರುತ್ತಿದ್ದರು. ವಾಸ್ತವವಾಗಿ ಆ ಮಾರ್ಪಾಡಿನಲ್ಲಿ ಆಜ್ಞಾಪಿಸಿದ ಪ್ರಭುತ್ವದ ಪಾಲು ಪಾಲಿಸಲೊಪ್ಪದ ಪ್ರಜೆಯ ಪಾಲಿಗಿಂತ ಕಡಿಮೆಯೇನೂ ಇರಲಿಲ್ಲ.

ಸುಮಾರು ನೂರನಲವತ್ತು ವರ್ಷಗಳ ತರುವಾಯ ಈ ತರ್ಕವು ಸಾಮ್ರಾಜ್ಯದಾದ್ಯಂತ ವ್ಯಾಪಿಸಿತು. ಕ್ರಿ.ಶ. 249ರಲ್ಲಿ ಪಟ್ಟಕ್ಕೆ ಬಂದ ಡೀಸಿಯಸ್ ಚಕ್ರವರ್ತಿಯು ಎಲ್ಲ ನಿವಾಸಿಗಳೂ ದೇವತೆಗಳಿಗೆ ಬಲಿ ಕೊಡಬೇಕೆಂದು ಆಜ್ಞೆ ಹೊರಡಿಸಿದನು. ಡಾನ್ಯೂಬ್ ಗಡಿಯಲ್ಲಿ ಗಾತ್ ಜನರ ದಾಳಿ, ಒಂದಾದ ಮೇಲೊಂದು ಅಂತಃಕಲಹ, ಇವುಗಳ ನಡುವೆ ದೇವತೆಗಳೊಡನೆ ಕೆಟ್ಟುಹೋದ ಶಾಂತಿಯನ್ನು ಸರಿಪಡಿಸಬೇಕೆಂಬ ಕಳಕಳಿ ಅವನದಾಗಿದ್ದಿರಬೇಕು. ಕ್ರಿ.ಶ. 212ರಲ್ಲಿ ಕ್ಯಾರಕಲ್ಲಾ ಚಕ್ರವರ್ತಿಯು ಸ್ವತಂತ್ರ ನಿವಾಸಿಗಳೆಲ್ಲರಿಗೂ ಪೌರತ್ವವನ್ನು ಕೊಟ್ಟಿದ್ದುದರಿಂದ, ರೋಮಿನ ದೇವತೆಗಳ ಋಣವೂ ಈಗ ಎಲ್ಲರ ಮೇಲಿತ್ತು. ಈಜಿಪ್ಟಿನ ಒಣಮರಳಿನಲ್ಲಿ ಉಳಿದುಕೊಂಡಿದ್ದ ನಲವತ್ತಕ್ಕೂ ಹೆಚ್ಚು ಪಪೈರಸ್ ಪತ್ರಗಳಿಂದ ಈ ಆಜ್ಞೆ ಹೇಗೆ ಜಾರಿಗೆ ಬಂತೆಂಬುದು ತಿಳಿಯುತ್ತದೆ. ಅವುಗಳಲ್ಲೊಂದು 250ರ ಜೂನ್ 26ರಂದು ಅಲೆಕ್ಸಾಂಡರನ ದ್ವೀಪವೆಂಬ ಹಳ್ಳಿಯ ಆರೇಲಿಯಸ್ ಡಯೋಜನೀಸನು ಬಲಿಗಳ ಮೇಲ್ವಿಚಾರಣೆಗೆ ನೇಮಕವಾಗಿದ್ದ ಸಮಿತಿಗೆ ಸಲ್ಲಿಸಿದ ಅರ್ಜಿ. ಸತಬೂಸನ ಮಗ, ವಯಸ್ಸು 72, ಬಲ ಹುಬ್ಬಿನ ಮೇಲೆ ಗಾಯದ ಗುರುತು ಎಂದು ಅವನ ಚಹರೆಯನ್ನು ಬರೆದು, ತಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಡುತ್ತ ಬಂದಿರುವುದನ್ನೂ ಈಗ ಸಮಿತಿಯ ಎದುರಿಗೇ ಬಲಿ ಕೊಟ್ಟು, ಪಾನವನ್ನೆರೆದು, ಬಲಿಯ ಮಾಂಸವನ್ನು ತಿಂದಿರುವುದನ್ನೂ ತಿಳಿಸಿ, ಇದನ್ನು ದೃಢೀಕರಿಸಬೇಕೆಂದು ಬೇಡಿಕೊಳ್ಳಲಾಗಿದೆ; ಅದರ ಕೆಳಗೆ ಬೇರೊಂದು ಕೈಬರಹದಲ್ಲಿ ಕಣ್ಣಾರೆ ಕಂಡ ಅಧಿಕಾರಿಯ ರುಜು ಇದೆ. ಇನ್ನೊಂದು ಪತ್ರವು ಮೊಸಳೆಯ ರೂಪದ ಪೆಟೆಸೂಕಸ್ ದೇವತೆಯ ಅರ್ಚಕಿಯದು. ಜೀವಮಾನವನ್ನೇ ದೇವತೆಯ ಸೇವೆಯಲ್ಲಿ ಕಳೆಯುವ ಅರ್ಚಕಿಯೂ ತಾನು ದೇವತೆಗಳನ್ನು ಪೂಜಿಸುತ್ತೇನೆಂದು ಸರಕಾರಕ್ಕೆ ಲಿಖಿತವಾಗಿ ರುಜುವಾತು ಮಾಡಬೇಕಾಗಿ ಬಂದದ್ದರಲ್ಲಿ ಡೀಸಿಯಸನ ಉದ್ದೇಶದ ದೊಡ್ಡ ಸೋಲು ಅಡಗಿದೆ, ಏಕೆಂದರೆ ಆ ಕಾಗದವು ಅವಳ ಪೂಜೆಗೆ ಏನನ್ನೂ ಸೇರಿಸದೆ, ಅದನ್ನು ಸಂಶಯಕ್ಕೊಳಪಟ್ಟ ಸಂಗತಿಯನ್ನಾಗಿ ಮಾಡಿತು.

ಕ್ರೈಸ್ತರೊಳಗೂ ಈ ಕಾಗದವು ತೀವ್ರವಾದ ಧರ್ಮಸಂಕಟವನ್ನು ತಂದಿತು. ಬಲಿ ಕೊಟ್ಟವರಲ್ಲದೆ, ಬಲಿ ಕೊಡದೆಯೇ ಹಣ ತೆತ್ತು ಪ್ರಮಾಣಪತ್ರವನ್ನು ಪಡೆದುಕೊಂಡವರೂ ಬಹಳ ಮಂದಿಯಿದ್ದರು. ಕೈಗೆ ದೋಷ ತಗಲಿಲ್ಲವಾದ್ದರಿಂದ ತಾವು ತಪ್ಪಿತಸ್ಥರಲ್ಲ ಎಂಬುದು ಅವರ ಸಮಾಧಾನವಾಗಿತ್ತು. ಕಾರ್ತೇಜಿನ ಬಿಷಪ್ ಸಿಪ್ರಿಯನ್ ಅದನ್ನು ಒಪ್ಪಲಿಲ್ಲ, ಆದರೆ ಬಲಿ ಕೊಟ್ಟವರ ಅಪರಾಧಕ್ಕೆ ಅದು ಸಮವೆಂದೂ ಎಣಿಸಲಿಲ್ಲ. 251ರಲ್ಲಿ ಕಾರ್ತೇಜಿನಲ್ಲಿ ಸೇರಿದ ಬಿಷಪ್ಪರ ಸಭೆಯು ಪ್ರತಿಯೊಬ್ಬನ ಸಂದರ್ಭವನ್ನು ಪ್ರತ್ಯೇಕವಾಗಿ ವಿಚಾರಿಸಿ, ಪತ್ರ ಪಡೆದವರನ್ನು ಮೊದಲು ಒಳಗೆ ಕರೆದುಕೊಳ್ಳುವ ದಾರಿಯನ್ನು ಹಿಡಿಯಿತು. ಅದೇ ವರ್ಷ ಡೀಸಿಯಸನು ಗಾತ್ ಜನರೊಡನೆ ಕಾದಾಡುತ್ತ ಸತ್ತನು.

ಬಲವಂತದ ಪೂಜೆಯಿಂದ ದೇವತೆಗಳಿಗೇ ಗೌರವ ಸಲ್ಲದೆಂಬ ವಾದವನ್ನು ಕಾರ್ತೇಜಿನವನೇ ಆದ ಕ್ರೈಸ್ತ ಲೇಖಕ ಟೆರ್ಟುಲಿಯನ್ ಡೀಸಿಯಸನಿಗಿಂತ ಅರ್ಧ ಶತಮಾನ ಮೊದಲೇ ಮುಂದಿಟ್ಟಿದ್ದನು. ಕ್ರೈಸ್ತರು ಚಕ್ರವರ್ತಿಯನ್ನು ಪ್ರಾರ್ಥಿಸುವುದಿಲ್ಲ, ಅವನಿಗಾಗಿ ಪ್ರಾರ್ಥಿಸುತ್ತಾರೆ ಎಂಬುದನ್ನು ಒತ್ತಿ ಹೇಳಿದ್ದನು. ಯೆಹೂದ್ಯರಿಗೆ ಹಿಂದೆ ಮಾಡಿಕೊಟ್ಟಿದ್ದ ಏರ್ಪಾಡೂ ಇದೇ ಬಗೆಯದು. ರಾಜ್ಯವು ಅಲ್ಲಿಗೆ ಬರಲು 311ರವರೆಗೆ ಬೇಕಾಯಿತು: ಕ್ರೈಸ್ತರ ಘೋರ ಹಿಂಸೆಗೆ ಕಾರಣನಾಗಿದ್ದ ಗೆಲೇರಿಯಸ್ ಚಕ್ರವರ್ತಿಯು ಮರಣಶಯ್ಯೆಯಲ್ಲಿ ಹೊರಡಿಸಿದ ಆಜ್ಞೆಯಲ್ಲಿ, ಅವರು ತಮ್ಮ ದೇವರನ್ನೇ ತನ್ನ ಮತ್ತು ರಾಜ್ಯದ ಕ್ಷೇಮಕ್ಕಾಗಿ ಪ್ರಾರ್ಥಿಸಲಿ ಎಂದು ಅನುಮತಿ ನೀಡಿದನು.

ಆ ತಿಳಿವಳಿಕೆಯು ಒಂದು ಶತಮಾನವೂ ಬಾಳಲಿಲ್ಲ. ಸೆನೆಟ್ ಭವನದಲ್ಲಿ ಅಗಸ್ಟಸನ ಕಾಲದಿಂದ ಇದ್ದ ವಿಜಯದೇವಿಯ ವೇದಿಕೆಯನ್ನು, ಸದಸ್ಯರು ಒಳಬರುವಾಗ ಧೂಪ ಹಾಕುತ್ತಿದ್ದ ಅದೇ ವೇದಿಕೆಯನ್ನು, 382ರಲ್ಲಿ ಕ್ರೈಸ್ತ ಚಕ್ರವರ್ತಿಯಾದ ಗ್ರೇಶಿಯನ್ ತೆಗೆಸಿಹಾಕಿದನು. ಅದನ್ನು ಮರಳಿ ಇಡಬೇಕೆಂದು ನಗರಾಧಿಪತಿ ಸಿಮ್ಮಾಕಸನು 384ರಲ್ಲಿ ಸಲ್ಲಿಸಿದ ಮನವಿಯು ಸತ್ಯದ ಕಡೆಗೆ ಹೋಗುವ ಹಾದಿಗಳು ಹಲವಿರಬೇಕೆಂಬ ವಿನಯದಿಂದ ಕೂಡಿದೆ. ವಿರೋಧಿಸಿದ ಮಿಲಾನಿನ ಬಿಷಪ್ ಆಂಬ್ರೋಸನು ಕ್ರೈಸ್ತ ಸದಸ್ಯರು ತಮ್ಮ ಅಂತಃಸಾಕ್ಷಿಗೆ ವಿರುದ್ಧವಾಗಿ ಆ ಹೊಗೆಯ ನಡುವೆ ಕುಳಿತುಕೊಳ್ಳಬೇಕೇ ಎಂದು ಕೇಳಿದನು. ಪ್ರಶ್ನೆಯೇನೋ ನ್ಯಾಯವಾದದ್ದೇ, ಆದರೆ ಅದೇ ಅಂತಃಸಾಕ್ಷಿಯು ಸಿಮ್ಮಾಕಸನಿಗೂ ಉಂಟೆಂಬುದನ್ನು ಆಂಬ್ರೋಸನು ಪರಿಗಣಿಸಲಿಲ್ಲ, ಮನವಿಯು ಬಿದ್ದುಹೋಯಿತು. 392ರಲ್ಲಿ ಥಿಯೊಡೋಸಿಯಸ್ ಚಕ್ರವರ್ತಿಯ ಶಾಸನವು ಪಶುಬಲಿಯನ್ನಷ್ಟೇ ಅಲ್ಲದೆ, ಸ್ವಂತ ಮನೆಯೊಳಗೆ ಗೃಹದೇವತೆಗಳಿಗೆ ದೀಪ ಹಚ್ಚುವುದನ್ನೂ ಹೂಮಾಲೆ ಕಟ್ಟುವುದನ್ನೂ ಧೂಪ ಹಾಕುವುದನ್ನೂ ನಿಷೇಧಿಸಿತು, ಧೂಪದ ಹೊಗೆಯಾಡಿದ ಮನೆಯು ಹಾಕಿದವನದೇ ಆಗಿದ್ದರೆ ಅದನ್ನು ಬೊಕ್ಕಸಕ್ಕೆ ಸೇರಿಸಬೇಕೆಂದು ವಿಧಿಸಿತು. ಡೀಸಿಯಸನ ಸಮಿತಿಗಳು ಪ್ರಜೆಯನ್ನು ಹೊರಗೆ ಕರೆಸಿ, ಒಂದು ದಿನದ ವಿಧಿಯನ್ನು ಮಾಡಿಸಿ, ಕಾಗದ ಕೊಟ್ಟು ಕಳುಹಿಸುತ್ತಿದ್ದವು. ಥಿಯೊಡೋಸಿಯಸನ ಅಧಿಕಾರಿಗಳಿಗೆ ಅದೇ ಪ್ರಜೆಯ ಒಲೆಯ ಬಳಿಯವರೆಗೆ, ಎಲ್ಲ ದಿನಗಳಲ್ಲೂ, ಪ್ರವೇಶಾಧಿಕಾರ ದೊರೆಯಿತು.